ತೂಗುಸೇತುವೆಯ ‘ಡೆಕ್’ಗೆ ‘ಹಾಸು’ ಸಾಕೇ?

ಎಲ್ಲರಿಗೂ ನಮಸ್ಕಾರ.

ಹಳೆಯ ತೂಗುಸೇತುವೆಗಳ ಡೆಕ್ ಬದಲಿಸುವ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ‘ಡೆಕ್’, ಅಂದರೆ ಸೇತುವೆಯ ಮೇಲೆ ವಾಹನಗಳು ಓಡಾಡುವ ಭಾಗ, ಅದಕ್ಕೆ ಕನ್ನಡದಲ್ಲಿ ಏನನ್ನುವುದು ಅನ್ನುವಲ್ಲೇ ಕೈ ನಿಂತುಬಿಟ್ಟಿದೆ. ‘ಅಟ್ಟ’ ಒಗ್ಗುವುದಿಲ್ಲ, ಅದು ತಲೆಯ ಮೇಲಿರುವುದು. ‘ಹಲಗೆ’ ಅಂದರೆ ಮರದ್ದೇ ನೆನಪಾಗುತ್ತದೆ. ನನಗೆ ಹಿಡಿಸಿದ್ದು ‘ಹಾಸು’. ಹಾಸುಗಲ್ಲು, ನೆಲಹಾಸು ಎಲ್ಲರಿಗೂ ಗೊತ್ತಿರುವ ಪದಗಳೇ ಅಲ್ವಾ?

ಆದರೆ ನೆಲಹಾಸನ್ನು ಎತ್ತಿದರೆ ಕೆಳಗೆ ನೆಲ ಇದ್ದೇ ಇರುತ್ತದೆ. ಇಲ್ಲಿ ಹಾಗಲ್ಲ. ಡೆಕ್ಕಿನ ಭಾರವೆಲ್ಲ ಮೇಲಿನ ಕೇಬಲ್ಲಿಗೆ ಜೋತುಬಿದ್ದಿರುತ್ತದೆ. ಒಂದು ಕಡೆ ತುಂಡು ತೆಗೆದರೆ ಕೇಬಲ್ಲಿನ ಬಾಗೇ ಬದಲಾಗುತ್ತದೆ. ‘ಹಾಸು’ ಅಂದಾಗ ಈ ಭಾರದ ಮಾತು ಕೇಳಿಸುವುದೇ ಇಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ‘ಡೆಕ್ ಬದಲಿಸಿದರು’ ಅನ್ನುವ ಒಂದೇ ಮಾತು ಎರಡು ಬೇರೆ ಕೆಲಸಗಳಿಗೆ ಬಳಕೆಯಾಗುತ್ತದೆ. 1937ರಲ್ಲಿ ತೆರೆದ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯನ್ನೇ ನೋಡಿ. ಉಪ್ಪು ಮಂಜಿಗೆ ಕಾಂಕ್ರೀಟಿನೊಳಗಿನ ಕಂಬಿಗಳು ತುಕ್ಕು ಹಿಡಿದಿದ್ದವು. 1982ರಿಂದ 1986ರವರೆಗೆ ರಾತ್ರಿ ಹೊತ್ತು ತುಂಡುತುಂಡಾಗಿ ಕಾಂಕ್ರೀಟ್ ತೆಗೆದು ಉಕ್ಕಿನ ಡೆಕ್ ಕೂರಿಸಿದರು. ಸೇತುವೆ 11,000 ಟನ್ನಿಗೂ ಜಾಸ್ತಿ ಹಗುರಾಯಿತು. ಕೆಳಗಿನ ಉಕ್ಕಿನ ಚೌಕಟ್ಟು ಹಾಗೇ ಉಳಿಯಿತು. ಇದಕ್ಕೆ ‘ಹಾಸು ಬದಲಿಸಿದರು’ ಅನ್ನಬಹುದು.

ಕೆನಡಾದ ವ್ಯಾಂಕೂವರಿನ ಲಯನ್ಸ್ ಗೇಟ್ ತೂಗುಸೇತುವೆಯಲ್ಲಿ ನಡೆದದ್ದು ಬೇರೆ. ಅಲ್ಲಿ 2000–2001ರಲ್ಲಿ ರಸ್ತೆಯನ್ನಷ್ಟೇ ಅಲ್ಲ, ಚೌಕಟ್ಟು ಸಮೇತ ಜೋತಿದ್ದ ಇಡೀ ಭಾಗವನ್ನೇ ರಾತ್ರಿ ಹೊತ್ತು ತುಂಡುತುಂಡಾಗಿ ಕತ್ತರಿಸಿ ಇಳಿಸಿದರು. ಆ ಜಾಗಕ್ಕೆ ಹೊಸ ತುಂಡು ಎತ್ತಿ ಕಟ್ಟಿದರು. ಬೆಳಿಗ್ಗೆ ಮತ್ತೆ ವಾಹನಗಳು ಓಡಾಡುತ್ತಿದ್ದವು. ಇದನ್ನೂ ‘ಹಾಸು’ ಅಂದರೆ ಓದುವವರು ಸುಮ್ನೆ ಡಾಂಬರು ಹಾಕಿದರು ಅಂದುಕೊಳ್ಳುತ್ತಾರೆ. ಅಷ್ಟು ದೊಡ್ಡ ಕೆಲಸಕ್ಕೆ ಅದು ಅನ್ಯಾಯ.

ಹಾಗಾಗಿ ಎರಡು ಪದ ಬೇಕು ಅನ್ನಿಸುತ್ತಿದೆ. ವಾಹನದ ಭಾರ ಹೊರುವ ಚಪ್ಪಡಿಗೆ ‘ಹಾಸು’. ಚೌಕಟ್ಟೂ ಸೇರಿ ಜೋತಿರುವ ಇಡೀ ಭಾಗಕ್ಕೆ ‘ತೂಗುಮೈ’. ‘ತೂಗು’ ಅನ್ನುವುದರಲ್ಲಿ ಜೋಲುವುದೂ ಇದೆ, ತೂಕವೂ ಇದೆ. ಇಲ್ಲಿ ಎರಡೂ ಬೇಕು. ‘ಮೇಲ್ಮೈ’ಯ ಬಳಕೆಯಿಂದಾಗಿ ‘ಮೈ’ ಅಂದರೆ ಬರೀ ಹೊರಗಿನ ಪದರ ಅನ್ನಿಸಬಹುದೇನೋ ಅನ್ನುವ ಅಳುಕೂ ಇದೆ.

ಕ್ರಿಯಾಪದದ್ದೂ ಒಂದು ಪ್ರಶ್ನೆ. ‘ಹಾಸನ್ನು ಹಾಸಿದರು’ ಕಿವಿಗೆ ಚೆನ್ನಾಗಿಲ್ಲ. ‘ಹಾಸು ಕೂರಿಸಿದರು’ ಅಂತ ಬರೆಯುತ್ತಿದ್ದೇನೆ. ಸೇತುವೆ ಕೆಲಸ ಹತ್ತಿರದಿಂದ ಕಂಡವರು ಇದ್ದರೆ ಹೇಳಿ: ಈ ಎರಡನ್ನು ಮಾತಿನಲ್ಲಿ ಹೇಗೆ ಬೇರೆ ಮಾಡುತ್ತೀರಿ?