ಕೆಲಸದ ಹುಡುಗನನ್ನು ಬಿಡಿಸಬೇಕು, ಕೇಸ್ ಆಗದ ಹಾಗೆ ಹೇಗೆ?

ತುಮಕೂರು, ಹಾರ್ಡ್‌ವೇರ್ ಅಂಗಡಿ:
ನಮ್ಮಲ್ಲಿ 11 ಜನ ಕೆಲಸಕ್ಕಿದ್ದಾರೆ. ಎರಡು ವರ್ಷದಿಂದ ಇರುವ ಒಬ್ಬ ಹುಡುಗ ವಾರಕ್ಕೆ ಎರಡು ದಿನ ಹೇಳದೆ ಕೇಳದೆ ಚಕ್ಕರ್ ಹೊಡೆಯುತ್ತಾನೆ. 'ನಾಳೆಯಿಂದ ಬರಬೇಡ' ಅಂದುಬಿಡಲಾ? ಲೇಬರ್ ಆಫೀಸಿಗೆ ಹೋದರೆ ಅಂತ ಭಯ. ಅನುಭವ ಇರುವವರು ಹೇಳಿ.

ದಾವಣಗೆರೆ, ಬಟ್ಟೆ ಅಂಗಡಿ:
ಆ ಮಾತು ಮಾತ್ರ ಬೇಡ ಸರ್. ಅದನ್ನೇ ಅಂದು ಕೈ ಸುಟ್ಟುಕೊಂಡವನು ನಾನು. ಗಿರಾಕಿಗಳ ಎದುರೇ ರೇಗಿ ಒಬ್ಬ ಸೇಲ್ಸ್‌ಮನ್‌ನನ್ನು ಕಳಿಸಿದ್ದೆ. ಹತ್ತೇ ದಿನಕ್ಕೆ ವಕೀಲರ ನೋಟಿಸ್ ಬಂತು. ಅವನು ದಿನಾ ತಡ ಅನ್ನೋದು ಇಡೀ ಬೀದಿಗೆ ಗೊತ್ತು. ಆದರೆ ಹಾಜರಿ ಪುಸ್ತಕದಲ್ಲಿ? ಸಂಜೆ ಗಲ್ಲಾದಲ್ಲಿ ಕೂತು ನಾನೇ ಎಲ್ಲರಿಗೂ ಒಟ್ಟಿಗೆ ಟಿಕ್ ಹಾಕುತ್ತಿದ್ದೆ! ಕೊನೆಗೆ ಮೂರು ತಿಂಗಳ ಸಂಬಳ ಕೊಟ್ಟು ರಾಜಿ ಮಾಡಿಕೊಂಡೆ.

ಕಾನೂನು ಗೊತ್ತಾಗಿದ್ದು ಆಮೇಲೆ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದ್ದು. ಅದರ 39ನೇ ಸೆಕ್ಷನ್ ಪ್ರಕಾರ ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವಂತಿಲ್ಲ. ಕಾರಣ ಇದ್ದರೂ ಒಂದು ತಿಂಗಳ ನೋಟಿಸ್, ಇಲ್ಲವೇ ಒಂದು ತಿಂಗಳ ಸಂಬಳ ಕೊಡಬೇಕು. ದುರ್ನಡತೆ ಅಂತ ವಿಚಾರಣೆಯಲ್ಲಿ ಸಾಬೀತಾದರೆ ಮಾತ್ರ ನೋಟಿಸ್ ಬೇಡ.

ಮೈಸೂರು, ಸಣ್ಣ ಅಂಗಡಿಗಳ ಪಿಎಫ್ ಲೆಕ್ಕ ನೋಡುತ್ತೇನೆ:
ವಿಚಾರಣೆ ಅಂದರೆ ಕೋರ್ಟಿನಷ್ಟು ದೊಡ್ಡದಲ್ಲ. ಯಾವ ದಿನ ಏನು ತಪ್ಪಾಯಿತು ಅಂತ ಬರೆದುಕೊಡಿ. ಉತ್ತರಕ್ಕೆ ಒಂದು ವಾರ ಬಿಡಿ. ದೂರು ಹೇಳಿದವರೇ ವಿಚಾರಣೆ ಮಾಡಬಾರದು, ಹೊರಗಿನವರೊಬ್ಬರನ್ನು ಕೂರಿಸಿ. ಸಾಕ್ಷಿಗಳನ್ನು ಪ್ರಶ್ನೆ ಮಾಡೋಕೆ ಅವನಿಗೂ ಅವಕಾಶ ಕೊಡಿ. ಪ್ರತಿ ಪುಟಕ್ಕೂ ಸಹಿ ಇರಲಿ. ನೋಟಿಸ್ ತಗೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ. ಕವರ್ ವಾಪಸ್ ಬಂದರೆ ಒಡೆಯಬೇಡಿ, ಹಾಗೇ ಎತ್ತಿಡಿ. ಕಳಿಸಿದ್ದಕ್ಕೆ ಅದೇ ಸಾಕ್ಷಿ.

ಹಾಸನ, ಬೇಕರಿ:
ಇಷ್ಟೆಲ್ಲಾ ಯಾಕೆ? ಒಂದು ರಾಜೀನಾಮೆ ಬರೆಸಿಕೊಂಡರೆ ಮುಗೀತು ಅಲ್ವಾ?

ಮೈಸೂರು:
ತಾನಾಗಿ ಬರೆದರೆ ಸರಿ ಅಣ್ಣ. ನೀವು ಬರೆಸಿದ್ದು ನಾಳೆ 'ಬಲವಂತ' ಅಂತ ತಿರುಗಿ ಬರುತ್ತದೆ. ಕೆಲಸಕ್ಕೆ ಸೇರುವ ದಿನವೇ ಖಾಲಿ ಹಾಳೆಗೆ ಸಹಿ ಹಾಕಿಸಿಟ್ಟವರನ್ನೂ ನೋಡಿದ್ದೇನೆ. ಅದಂತೂ ಬೇಡವೇ ಬೇಡ. ಹೆರಿಗೆ ರಜೆಯಲ್ಲಿ ಇರುವವರನ್ನು ತೆಗೆಯೋ ಯೋಚನೆಯೂ ಬೇಡ.

ಇನ್ನು ಲೆಕ್ಕ. ತೆಗೆದ ಮೇಲೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಚುಕ್ತಾ ಆಗಬೇಕು. ಪಿಎಫ್ ಇದ್ದರೆ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕಿ. ನನ್ನ ಹತ್ತಿರ ಬರುವ ಜಗಳಗಳಲ್ಲಿ ಇದೇ ಜಾಸ್ತಿ. 10 ಜನ ಇದ್ದ ಕಡೆ ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡಿಗಂಟೂ ಬರುತ್ತದೆ. ಮೂಲ ವೇತನ, ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 15,600 ಅಂದುಕೊಳ್ಳಿ. 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಸೇವೆಯ ಒಂದೊಂದು ವರ್ಷಕ್ಕೆ 9,000. ನಿಮ್ಮ ಹುಡುಗನಿಗೆ ಎರಡೇ ವರ್ಷ, ಅದರ ಚಿಂತೆ ಇಲ್ಲ.

ತುಮಕೂರು:
ಥ್ಯಾಂಕ್ಸ್ ಸರ್, ಮೇಡಂ. ಈಗಷ್ಟೇ ಹಾಜರಿ ಪುಸ್ತಕ ತೆಗೆದು ನೋಡಿದೆ. ಕಳೆದ ತಿಂಗಳು ಪೂರ್ತಿ ಅವನಿಗೆ ಟಿಕ್ ಇದೆ. ನನ್ನದೇ ಪೆನ್ನು.