ಪಡುಕರೆ ದಂಡೆಯಲ್ಲಿ ಬಲೆ ಸುತ್ತಿದ ಕಡಲಾಮೆ: ವಾಪಸ್ ಬಿಡುವ ತನಕ ಎಂತ ಮಾಡಬೇಕು?

ಪಡುಕರೆ_ದಂಡೆ ಕೇಳಿದ್ದು:

ಮಲ್ಪೆ ಪಡುಕರೆಯಲ್ಲಿ ಅಲೆಗೆ ಬಂದು ಬಿದ್ದ ಆಲಿವ್ ರಿಡ್ಲೆ ಕಡಲಾಮೆ ಒಂದು ಉಂಟು. ಚಿಪ್ಪಿನ ಉದ್ದ 65 ಸೆಂ.ಮೀ., ತೂಕ ಅಂದಾಜು 35 ಕಿಲೋ. ಬಲದ ಮುಂದಿನ ರೆಕ್ಕೆಕಾಲಿಗೆ ನೈಲಾನ್ ಬಲೆಯ ತುಂಡು ಬಿಗಿದು ಊದಿದೆ. ಬಾಯಿಯಿಂದ ತಂಗೂಸಿ ದಾರ (ಗಾಳ ಕಟ್ಟುವ ನೈಲಾನ್ ದಾರ) ಹೊರಗೆ ಕಾಣ್ತದೆ. ಅರಣ್ಯ ಇಲಾಖೆಗೆ ತಿಳಿಸಿ ಆಯ್ತು, ಪಶುವೈದ್ಯರು ಬರ್ತಾರೆ. ಅವರ ಉಸ್ತುವಾರಿಯಲ್ಲಿ ನಮ್ಮ ಸ್ವಯಂಸೇವಕರು ತೊಟ್ಟಿ ಸಿದ್ಧ ಮಾಡಬೇಕು. ಹೊರದೇಶದ ಸೀಲ್ ಮರಿ ಆರೈಕೆಯ ವಿಡಿಯೋಗಳಲ್ಲಿ ಮೊದಲ ದಿನದಿಂದಲೇ ಕೊಳವೆಯಲ್ಲಿ ಮೀನಿನ ಗಂಜಿ ಕೊಡ್ತಾರೆ. ಇದಕ್ಕೂ ಹಾಗೇ ಮಾಡಬಹುದಾ? ನೀರು, ಉಪ್ಪು, ಆಹಾರದ ಲೆಕ್ಕ ಬೇಕು.

ಬೈಂದೂರು_ಬಲೆಗಾರ:

ಮೊದಲು ದಂಡೆಯ ಕೆಲಸ ಹೇಳ್ತೇನೆ. ಯಾರೇ ಹೇಳಿದರೂ ಅದನ್ನು ವಾಪಸ್ ಕಡಲಿಗೆ ನೂಕಬೇಡಿ ಮಾರಾಯ್ರೆ. ಮಳೆಗಾಲದಲ್ಲಿ ದಡಕ್ಕೆ ಬಂದು ಬಿದ್ದ ದೊಡ್ಡ ಆಮೆ ಈಜುವ ಶಕ್ತಿ ಕಳೆದುಕೊಂಡೇ ಬಂದಿರ್ತದೆ. ಮೊಟ್ಟೆ ಇಡ್ಲಿಕ್ಕೆ ಬರುವುದಾದರೆ ನವೆಂಬರಿನಿಂದ ಮಾರ್ಚ್ ಒಳಗೆ, ರಾತ್ರಿ ಹೊತ್ತು, ತಾನಾಗಿ ತೆವಳಿಕೊಂಡು ಬರ್ತದೆ. ನೂಕಿದರೆ ಮುಂದಿನ ಉಬ್ಬರಕ್ಕೆ ಇನ್ನೂ ಸೋತು ಪುನಃ ಇಲ್ಲೇ ಬೀಳ್ತದೆ, ಇಲ್ಲವೇ ಮುಳುಗಿ ಸಾಯ್ತದೆ.

ರೆಕ್ಕೆಕಾಲು ಹಿಡಿದು ಎಳೆಯಬೇಡಿ, ಕೀಲು ತಪ್ಪುತ್ತದೆ. ಚಿಪ್ಪಿನ ಮುಂದಿನ ಅಂಚು ಒಬ್ಬರು, ಹಿಂದಿನ ಅಂಚು ಒಬ್ಬರು ಹಿಡಿದು ಎತ್ತಿ. ಅಂಗಾತ ಹಾಕಬೇಡಿ. ಅದರ ಶ್ವಾಸಕೋಶ ಬೆನ್ನಿನ ಚಿಪ್ಪಿಗೆ ತಾಗಿಕೊಂಡು ಇರುವುದರಿಂದ ಕರುಳಿನ ಭಾರವೆಲ್ಲ ಅದರ ಮೇಲೆ ಬೀಳ್ತದೆ. ಹಳೆ ಟಯರ್ ಅಥವಾ ದಪ್ಪ ಫೋಮ್ ಮೇಲೆ ಹೊಟ್ಟೆ ಕೆಳಗಾಗಿ ಇಟ್ಟು ಪಿಕಪ್‌ನಲ್ಲಿ ಸಾಗಿಸಿ. ಚಿಪ್ಪಿನ ಮೇಲೆ ಒದ್ದೆ ಗೋಣಿ ಇರಲಿ, ಮೂಗಿನ ತೂತು ಮಾತ್ರ ಮುಚ್ಚಬಾರದು.

ಅಲುಗಾಟವೇ ಇಲ್ಲದಿದ್ದರೂ ಸತ್ತಿತು ಅಂತ ಬಿಡಬೇಡಿ. ಬಲೆಯಲ್ಲಿ ಮುಳುಗಿದ ಆಮೆ ಉಸಿರು ಕಾಣದ ಹಾಗೆ ಗಂಟೆಗಟ್ಟಲೆ ಬಿದ್ದಿರಬಹುದು. ಹಿಂಭಾಗ ಕನಿಷ್ಠ 15 ಸೆಂ.ಮೀ. ಎತ್ತರಕ್ಕೆ ಬರುವಂತೆ ಇಟ್ಟರೆ ಶ್ವಾಸಕೋಶದ ನೀರು ಇಳಿಯುತ್ತದೆ. ಆಗಾಗ ಕಣ್ಣಿನ ಅಂಚು, ಬಾಲ ಮೆಲ್ಲಗೆ ಮುಟ್ಟಿ ನೋಡಿ. ಕಡಿಮೆ ಅಂದರೆ 4 ಗಂಟೆ, ಬೇಕಾದರೆ 24 ಗಂಟೆ ಹಾಗೆ ಕಾಯಬೇಕು. ಆ ಹೊತ್ತಿನಲ್ಲಿ ನೀರಿಗೆ ಇಳಿಸಲೇಬಾರದು.

ಕಣ್ಣಲ್ಲಿ ನೀರು ಸುರಿಯುವುದು ನೋಡಿ ಜನ ಅಳ್ತದೆ ಅಂತಾರೆ. ಮೈಯ ಹೆಚ್ಚಿನ ಉಪ್ಪನ್ನು ಹೊರಗೆ ಹಾಕುವ ಗ್ರಂಥಿ ಅಲ್ಲಿರುವುದು, ಹೆದರಬೇಕಾಗಿಲ್ಲ.

ಕಡಲಜೀವಿ_ವೈದ್ಯೆ:

ಮೊದಲು ದಾರ. ಬಾಯಿಯಿಂದ ಬಂದ ತಂಗೂಸಿಯನ್ನು ಎಳೆದರೆ ಆಮೆಯನ್ನು ಕೊಂದ ಹಾಗೆ. ಆ ದಾರದ ಇನ್ನೊಂದು ತುದಿ ಕರುಳಿನಲ್ಲಿ ಇರಬಹುದು, ಗಾಳವೂ ಇರಬಹುದು. ಎಳೆದಾಗ ಕರುಳು ಲಾಡಿ ಎಳೆದ ಬಟ್ಟೆಯಂತೆ ಮಡಿಕೆಗಟ್ಟಿ, ದಾರ ಅದನ್ನು ಕೊಯ್ಯುತ್ತದೆ. 30 ಸೆಂ.ಮೀ.ನಷ್ಟು ಹೊರಗೆ ಉಳಿಸಿ ಕತ್ತರಿಸಿ, ತುದಿಯನ್ನು ಚಿಪ್ಪಿಗೆ ಟೇಪ್ ಹಾಕಿ ಅಂಟಿಸಿ. ಎಕ್ಸ್-ರೇ ಆಗುವ ತನಕ ಅಷ್ಟೇ. ದಾರ ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ಗಾಳ ಕಾಣುತ್ತದೆ.

ಬಲೆಯಲ್ಲೂ ಎರಡು ಬಗೆ. ಸಡಿಲ ಇದ್ದದ್ದನ್ನು ಅಲ್ಲೇ ಕತ್ತರಿಸಿ. ಮಾಂಸದೊಳಗೆ ಹೂತುಹೋದ ಎಳೆಯನ್ನು ವೈದ್ಯರಿಗೇ ಬಿಡಿ, ಒಮ್ಮೆಲೇ ಬಿಚ್ಚಿದರೆ ರಕ್ತಸ್ರಾವ ಆಗುತ್ತದೆ, ಕಟ್ಟಿನ ಆಚೆ ಕೊಳೆತ ಭಾಗದ ವಿಷವೂ ಮೈಗೆ ಹರಿಯುತ್ತದೆ. ರೆಕ್ಕೆಕಾಲು ಕಪ್ಪಾಗಿದ್ದರೂ ಅದೇ ದಿನ ಕತ್ತರಿಸುವ ಅವಸರ ಬೇಡ. ಸತ್ತ ಮಾಂಸ ಎಲ್ಲಿಗೆ ನಿಲ್ಲುತ್ತದೆ ಎಂಬ ಗೆರೆ ಸ್ಪಷ್ಟವಾಗಲು ವಾರಗಳೇ ಹಿಡಿಯುತ್ತವೆ. ಒಂದು ಮುಂಗಾಲು ಇಲ್ಲದ ಆಮೆ ಕಡಲಿನಲ್ಲಿ ಬದುಕಬಲ್ಲದು.

ಆಹಾರದ ಪ್ರಶ್ನೆಗೆ: ಬೇಡವೇ ಬೇಡ. ಸೀಲ್ ಬಿಸಿರಕ್ತದ ಸಸ್ತನಿ, ಗಂಜಿ ಗಂಟೆಗಳಲ್ಲಿ ಅರಗುತ್ತದೆ. ಆಮೆಯ ಹೊಟ್ಟೆಯಲ್ಲಿ ಅದಕ್ಕೆ ದಿನಗಳು ಬೇಕು. ನೀರಿನಂಶ ಒಣಗಿದ ಕರುಳಿಗೆ ಮೀನು ಹೋದರೆ ಅಲ್ಲೇ ಕೊಳೆತು ಗಾಳಿ ತುಂಬುತ್ತದೆ. ಇಲ್ಲಿ ದಾರ ನುಂಗಿದ ಸಂಶಯವೂ ಇದೆ, ಎಕ್ಸ್-ರೇಗೆ ಮೊದಲು ಏನೂ ಕೊಡಬೇಡಿ. ಮೊದಲ 1–2 ದಿನ ದ್ರವ ಮಾತ್ರ: ದಿನಕ್ಕೆ ಕಿಲೋಗೆ 10–20 ಮಿ.ಲೀ., ಅಂದರೆ ನಿಮ್ಮ ಆಮೆಗೆ 350–700 ಮಿ.ಲೀ. ಅದೂ ವೈದ್ಯರ ಕೈಯಿಂದ ಚುಚ್ಚಿ, ಬಾಯಿಗೆ ಸುರಿದಲ್ಲ.

ನಮ್ಮ ಕಡೆ ದನಕ್ಕೂ ನಾಯಿಗೂ ಹುಳಕ್ಕೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ. ಗಾಯದಲ್ಲಿ ಹುಳ ಕಂಡರೆ ಚಿಮುಟದಲ್ಲಿ ತೆಗೆದು ಸಲೈನ್‌ನಲ್ಲಿ ತೊಳೆಯಿರಿ. ಬರುವ ವೈದ್ಯರಿಗೆ ಆಮೆ ಹೊಸತಾದರೆ ಇದನ್ನು ಸಂಕೋಚ ಇಲ್ಲದೆ ಹೇಳಿ. ಆ್ಯಂಟಿಬಯಾಟಿಕ್ ಸಹ ದಿನವೂ ಬೇಡ, ಸೆಫ್ಟಾಜಿಡಿಮ್ ಆದರೆ ಕಿಲೋಗೆ 20 ಮಿ.ಗ್ರಾಂ. ಲೆಕ್ಕದಲ್ಲಿ 72 ಗಂಟೆಗೊಮ್ಮೆ. ಇಂಜೆಕ್ಷನ್ ಮೈಯ ಮುಂಭಾಗಕ್ಕೆ, ಭುಜದ ಸ್ನಾಯುವಿಗೆ ಇರಲಿ. ಹಿಂಗಾಲಿನ ರಕ್ತ ಮೂತ್ರಪಿಂಡದ ಮೂಲಕ ಹಾದುಹೋಗುವುದರಿಂದ ಔಷಧ ಅಲ್ಲೇ ಸೋರಿಹೋಗಬಹುದು.

ಉಪ್ಪುನೀರು_ಹೊಯ್ಗೆಬಜಾರ್:

ತೊಟ್ಟಿ ಲೆಕ್ಕ: 3 ಮೀಟರ್ ಅಡ್ಡಗಲದ, ಕನಿಷ್ಠ 1 ಮೀಟರ್ ಆಳದ ದುಂಡಗಿನ ತೊಟ್ಟಿ ನೋಡಿ. ಮೂಲೆ ಇದ್ದರೆ ಅಲ್ಲೇ ಉಜ್ಜಿ ಉಜ್ಜಿ ಮೂಗು ಗಾಯ ಮಾಡಿಕೊಳ್ತದೆ. ಮೊದಲು 20 ಸೆಂ.ಮೀ. ಮಾತ್ರ ತುಂಬಿಸಿ, ತಲೆ ಎತ್ತಲು ತ್ರಾಣ ಇಲ್ಲದ ಆಮೆ ಆಳದಲ್ಲಿ ಮುಳುಗ್ತದೆ. ಇದು ಸುಮಾರು 1,400 ಲೀಟರ್. ಲೀಟರಿಗೆ 30 ಗ್ರಾಂ. ಲೆಕ್ಕದಲ್ಲಿ ಅಯೋಡಿನ್ ಇಲ್ಲದ ಕಲ್ಲುಪ್ಪು 42 ಕಿಲೋ. ಪೂರ್ತಿ 1 ಮೀಟರ್ ತುಂಬಿಸಿದರೆ 7,000 ಲೀಟರ್, 210 ಕಿಲೋ ಉಪ್ಪು ಬೇಕು. ಉಪ್ಪು ಬೇರೆ ಟಬ್ಬಿನಲ್ಲಿ ಕರಗಿಸಿ ಹಾಕಿ, ಹರಳು ತಳದಲ್ಲಿ ಉಳಿಯಬಾರದು.

ಸಮುದ್ರದ ನೀರನ್ನೇ ಪಂಪ್ ಮಾಡುವುದಾದರೆ ಪಡುಕರೆಯಲ್ಲಿ ಒಂದು ತೊಡಕು ಉಂಟು. ಒಂದು ಬದಿ ಕಡಲು, ಒಂದು ಬದಿ ಉದ್ಯಾವರ ಹೊಳೆ. ಮಳೆಗಾಲದಲ್ಲಿ ಅಳಿವೆಯ ಹತ್ತಿರ ನೀರು ಸಪ್ಪೆ, ಮೇಲಿಂದ ಕೆಸರು. ಅಳಿವೆಯಿಂದ ದೂರ, ಭರತದ ಹೊತ್ತಿಗೆ ತೆಗೆದು, ಮರಳಿನ ಫಿಲ್ಟರ್ ಹಾಯಿಸಿ. ಸಿಗಡಿ ಕೆರೆಯವರ ಹತ್ತಿರ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಇರ್ತದೆ, ಕೇಳಿ ತನ್ನಿ.

ಮೇಲೆ ಟಾರ್ಪಾಲ್ ಬೇಕೇ ಬೇಕು. ಒಂದು ರಾತ್ರಿಯ ಮಳೆಗೆ ಉಪ್ಪೂ ಇಳಿಯುತ್ತದೆ, ಬಿಸಿಯೂ ಇಳಿಯುತ್ತದೆ. ನೀರು 25ರಿಂದ 30 ಡಿಗ್ರಿ ಒಳಗೆ ಇರಲಿ, ಅದಕ್ಕಿಂತ ತಣ್ಣಗಾದರೆ ತಿನ್ನುವುದು ಕಡಿಮೆ ಮಾಡ್ತದೆ.

ಚಿಪ್ಪಿನ ಮೇಲಿನ ಬಾರ್ನಕಲ್ (ಅಂಟಿಕೊಂಡು ಬೆಳೆಯುವ ಗಟ್ಟಿ ಕವಚದ ಸಣ್ಣ ಕಡಲಜೀವಿ), ಜಿಗಣೆ ಕೆರೆದು ತೆಗೆಯಬೇಡಿ. ಮೊದಲ ದಿನ ಉಪ್ಪು ಹಾಕದೆ ಸಿಹಿನೀರಿನಲ್ಲಿ ಇಟ್ಟರೆ ಸತ್ತು ಸಡಿಲವಾಗ್ತವೆ.

ಕಡಲಜೀವಿ_ವೈದ್ಯೆ:

ಸಿಹಿನೀರಿಗೆ ಒಂದು ತಿದ್ದುಪಡಿ. 24 ಗಂಟೆ ಸಾಕು, ಮುಂದುವರಿಸಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಬೆನ್ನಿನ ಚಿಪ್ಪು ಬಿರುಕುಬಿಟ್ಟು ಅಲ್ಲಿ ಗುಳ್ಳೆ ಕಂಡರೆ ಯಾವ ನೀರಿಗೂ ಇಳಿಸಬೇಡಿ, ಗಾಯಕ್ಕೆ ನೀರು ಹಾಯಿಸಲೂ ಬೇಡಿ, ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಪಡುಕರೆ_ದಂಡೆ:

ಎಕ್ಸ್-ರೇಯಲ್ಲಿ ಗಾಳ ಇಲ್ಲ ಅಂತ ಬಂದು ವೈದ್ಯರು ಒಪ್ಪಿದರೆ, ಎಂತ ಕೊಡುವುದು? ಈಗ ಟ್ರಾಲಿಂಗ್ ರಜೆ (ಮಳೆಗಾಲದಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ), ಮಾರ್ಕೆಟಿನಲ್ಲಿ ಐಸಿನ ಮೀನೇ ಹೆಚ್ಚು. ಬಿಡುವುದು ಯಾವಾಗ?

ಬೈಂದೂರು_ಬಲೆಗಾರ:

ನಾಡದೋಣಿಯವರು ತಂದ ತಾಜಾ ಬೂತಾಯಿ, ಬಂಗುಡೆ, ಏಡಿ, ಬೊಂಡಾಸ್ (ಸ್ಕ್ವಿಡ್) ಸಿಕ್ಕಿದರೆ ಅದೇ ಒಳ್ಳೆಯದು. ಮೊದಲು ಮೈತೂಕದ ಅರ್ಧ ಶೇಕಡಾ, ಅಂದರೆ 175 ಗ್ರಾಂ. ಹಿಕ್ಕೆ ಸರಿಯಾಗಿ ಬಂದರೆ ನಿಧಾನಕ್ಕೆ 2 ಶೇಕಡಾ, 700 ಗ್ರಾಂ.ಗೆ ಏರಿಸಿ. ಹಿಕ್ಕೆಯಲ್ಲಿ ದಾರ, ಪ್ಲಾಸ್ಟಿಕ್ ಬರ್ತದಾ ಅಂತ ದಿನವೂ ಜಾಲರಿಯಲ್ಲಿ ಸೋಸಿ ನೋಡಿ. ಐಸಿನ ಮೀನು ಆದರೆ ಕಿಲೋ ಮೀನಿಗೆ ಥಯಾಮಿನ್ (ವಿಟಮಿನ್ ಬಿ1) 25 ಮಿ.ಗ್ರಾಂ., ವಿಟಮಿನ್ ಇ 100 ಐಯು, ಮಾತ್ರೆಯನ್ನು ಮೀನಿನ ಕಿವಿರಿನೊಳಗೆ ತುರುಕಿ ಕೊಡಿ. ಶೈತ್ಯದಲ್ಲಿ ಇಟ್ಟ ಮೀನಿನಲ್ಲಿ ಇವೆರಡೂ ಕಡಿಮೆ ಆಗಿರ್ತವೆ.

ಬಿಡುವುದು ದಿನಾಂಕ ನೋಡಿ ಅಲ್ಲ, ಆಮೆ ನೋಡಿ. ಒಂದೇ ಬದಿ ಮೇಲಾಗಿ ತೇಲಿದರೆ ಶ್ವಾಸಕೋಶದಿಂದ ಗಾಳಿ ಸೋರಿರಬಹುದು, ಕರುಳಿನಲ್ಲಿ ಗಾಳಿ ತುಂಬಿರಬಹುದು, ನ್ಯುಮೋನಿಯಾ ಇರಬಹುದು. ಹಾಗೆ ಬಿಟ್ಟರೆ ಮುಳುಗಲಾಗದೆ ದೋಣಿಗೆ ಬಡಿದು ಸಾಯ್ತದೆ. ತಳದಲ್ಲಿ ಮಲಗಬೇಕು, ಸಮತೋಲದಲ್ಲಿ ಮೇಲೆ ಬರಬೇಕು, ಜೀವಂತ ಏಡಿಯನ್ನು ತಾನೇ ಹಿಡಿಯಬೇಕು, ಗಾಯ ಮುಚ್ಚಿರಬೇಕು, ಔಷಧ ನಿಂತ ಮೇಲೂ ತೂಕ ಏರ್ತಾ ಇರಬೇಕು. ಅಷ್ಟು ದಿನವೂ ಕೈಯಲ್ಲಿ ತಿನ್ನಿಸಿ, ಸೆಲ್ಫಿಗೆ ಜನ ಸೇರಿಸಿ ಮನುಷ್ಯರ ರೂಢಿ ಮಾಡಬೇಡಿ.

ಜುಲೈ 31ಕ್ಕೆ ರಜೆ ಮುಗಿದು ಬೋಟುಗಳೆಲ್ಲ ಒಟ್ಟಿಗೆ ಇಳಿಯುವ ವಾರದಲ್ಲಿ ಬೇಡ. ಕಡಲು ತಣಿದ ಮೇಲೆ, ಬೆಳಗ್ಗೆ, ಟ್ರಾಲರ್ ಓಡದ ಜಾಗ ಯಾವುದು ಅಂತ ಬೋಟಿನವರನ್ನೇ ಕೇಳಿ, ಅರಣ್ಯ ಇಲಾಖೆಯವರ ಜೊತೆ ದೋಣಿಯಲ್ಲಿ ಕೊಂಡುಹೋಗಿ. ಮೇಲಿಂದ ಎಸೆಯಬೇಡಿ. ಒದ್ದೆ ಗೋಣಿಯ ನಾಲ್ಕು ಮೂಲೆ ಹಿಡಿದು ನೀರಿಗೆ ತಾಗಿಸಿ ಇಳಿಸಿ. ಅದಕ್ಕೆ ಮೊದಲು ಎಂಜಿನ್ ಬಂದ್ ಮಾಡಿ, ಆಮೆ ದೂರ ಹೋಗುವ ತನಕ ಹಾಕಬೇಡಿ.