ಅಪ್‌ಡೇಟ್: ಪೇಜ್ ಟೇಬಲ್ ಬದಲಿಸಿದರೂ ಹಳೇ ಡೇಟಾ ಬರುತ್ತಿದ್ದ ತೊಂದರೆ ಸರಿಹೋಯಿತು

ಹೋದ ವಾರ ಕೇಳಿದ್ದೆನಲ್ಲ, ನನ್ನ ಪುಟ್ಟ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಂದು ವರ್ಚುವಲ್ ವಿಳಾಸವನ್ನು (ಪ್ರೋಗ್ರಾಂ ಬಳಸುವ ವಿಳಾಸ) ಬೇರೆ ಫ್ರೇಮ್‌ಗೆ (ನಿಜವಾದ ಮೆಮೊರಿಯ ಒಂದು ತುಂಡು) ಮ್ಯಾಪ್ ಮಾಡಿದರೂ ಹಳೇ ಡೇಟಾನೇ ಬರುತ್ತಿದೆ ಅಂತ. ಕಾರಣ ಸಿಕ್ಕಿತು.

ಯಾವ ವರ್ಚುವಲ್ ವಿಳಾಸ ಯಾವ ಫ್ರೇಮ್‌ಗೆ ಅಂತ ಬರೆದಿಡುವ ಪೇಜ್ ಟೇಬಲ್‌ನಲ್ಲಿ ತಪ್ಪಿರಲೇ ಇಲ್ಲ. ನಾಲ್ಕು ಹಂತ, ಒಂದೊಂದು ಟೇಬಲ್‌ಗೆ 512 ಎಂಟ್ರಿ, ಎಲ್ಲ ಸರಿಯಾಗೇ ಇತ್ತು. ಎಂಟ್ರಿ ಬದಲಿಸಿದ ಮೇಲೆ ಇನ್‌ವಿಎಲ್‌ಪಿಜಿ (ಆ ವಿಳಾಸದ ಹಳೇ ನಕಲನ್ನು ಅಳಿಸು ಅಂತ ಸಿಪಿಯುಗೆ ಹೇಳುವ ಸೂಚನೆ) ಕೊಡುವುದನ್ನೇ ಮರೆತಿದ್ದೆ! ಸಿಪಿಯು ತನ್ನ ಟಿಎಲ್‌ಬಿಯಲ್ಲಿದ್ದ (ಟೇಬಲ್‌ನಲ್ಲಿ ಹುಡುಕಿದ ವಿಳಾಸಗಳ ನಕಲು ಇಟ್ಟುಕೊಳ್ಳುವ ಕ್ಯಾಶ್) ಹಳೇ ವಿಳಾಸವನ್ನೇ ನಂಬಿಕೊಂಡು ಕೂತಿತ್ತು. ಮೊದಲ ಸಲ ಮ್ಯಾಪ್ ಮಾಡಿದಾಗ ತೊಂದರೆ ಆಗಿರಲಿಲ್ಲ, ಅಲ್ವಾ? ಪ್ರೆಸೆಂಟ್ ಬಿಟ್ 0 ಇರುವ, ಅಂದರೆ ಇನ್ನೂ ಮ್ಯಾಪ್ ಆಗದ, ಎಂಟ್ರಿಯನ್ನು ಎಕ್ಸ್86 ಸಿಪಿಯು ಟಿಎಲ್‌ಬಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ನನ್ನ ದಾರಿ ತಪ್ಪಿಸಿದ್ದು ಅದೇ.

ತೀರ್ಥಹಳ್ಳಿಯಲ್ಲಿ ಮೂರು ದಿನದಿಂದ ಜಡಿಮಳೆ, ಕರೆಂಟಿಲ್ಲ. ಲ್ಯಾಪ್‌ಟಾಪ್ ಆಫ್ ಆದ ಮೇಲೆ ಸುಮ್ನೆ ಕಾಗದದಲ್ಲಿ ಬರೆದು ನೋಡುವಾಗ ಹೊಳೆಯಿತು. ಮುಂದೆ ಸಿಪಿಯುವಿನ ಎರಡನೇ ಕೋರ್ ಶುರು ಮಾಡಿದರೆ ಅದರ ಟಿಎಲ್‌ಬಿಗೂ ಇಂಟರಪ್ಟ್ ಕಳಿಸಿ ಹೇಳಬೇಕು. ಅದು ಕರೆಂಟ್ ಬಂದ ಮೇಲೆ.